ಜೀಪಿನ ಅಗಲ ಮಡಗಾರ್ಡಿಗೆ ಕಾನೂನು ಏನು ಹೇಳುತ್ತದೆ?

ಸೈಕಲ್ಲಿಗೆ ಮಡಗಾರ್ಡು ಇಲ್ಲದಿದ್ದರೆ ಮಳೆಗಾಲದಲ್ಲಿ ಅಂಗಿಯ ಬೆನ್ನಿನ ಮೇಲೆ ಕೆಸರಿನ ಗೆರೆ ಬೀಳುತ್ತದೆ. ಮನೆಯಲ್ಲಿ ಅವ್ವನ ಕಡೆ ಬೈಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತದ. ತಿರುಗುವ ಗಾಲಿಗೆ ಅಂಟಿದ ಮಣ್ಣು ಗಾಲಿ ಬಿಟ್ಟ ಕೂಡಲೇ ನೇರ ಗೆರೆಯಲ್ಲಿ ಹಾರುತ್ತದೆ. ಎತ್ತಿನ ಬಂಡಿಯ ಗಾಲಿ ಮೆಲ್ಲಗೆ ತಿರುಗುವುದರಿಂದ ಅದಕ್ಕೆ ಮಡಗಾರ್ಡು ಬೇಕಿಲ್ಲ. ಜೀಪಿಗೆ ಬೇಕೇ ಬೇಕು. ಜೀಪು ತಾಸಿಗೆ 60 ಕಿಲೋಮೀಟರ್ ಓಡುವಾಗ ಗಾಲಿಯಿಂದ ಸಿಡಿದ ಹರಳು ಹಿಂದೆ ಬರುವ ಮೋಟಾರ್ ಸೈಕಲ್ಲಿನವರಿಗೆ ಬಡಿದರೆ ಕಣ್ಣೇ ಹೋಗಬಹುದು.

ನಮ್ಮ ಹುಮನಾಬಾದಿನಲ್ಲಿ ಎರಡು ಹೆದ್ದಾರಿ ಕೂಡುತ್ತವೆ. ಒಂದು ಪುಣೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ 65ನೇ ನಂಬರಿನದು (ಹಳಬರು ಇನ್ನೂ 9ನೇ ನಂಬರ್ ಅಂತಾರ). ಇನ್ನೊಂದು ಬೀದರದಿಂದ ಕಲಬುರಗಿಗೆ ಹೋಗುವ 50ನೇ ನಂಬರಿನದು. ಹೀಗಾಗಿ ಎಲ್ಲಾ ತರಹದ ಗಾಡಿ ನಮಗೆ ನೋಡಲಿಕ್ಕೆ ಸಿಗ್ತಾವ. ಕೆಲವು ಜೀಪುಗಳಿಗೆ ದಪ್ಪ ಟೈರು, ಟೈರಿನ ಮೇಲೆ ಹೊರಗೆ ಚಾಚಿದ ಕಪ್ಪು ಕಮಾನು ಇರ್ತದ. ಇದು ಸೊಗಸಿಗೆ ಹಾಕಿದ್ದು ಅಂತ ಬಹಳ ಮಂದಿ ತಿಳಿದಾರ. ಅಷ್ಟೇ ಅಲ್ಲ.

ಹಳೇ ಜೀಪಿನ ಟೈರಿನ ಅಳತೆ 6.00-16. ಅಂದರೆ ಟೈರಿನ ಅಗಲ 6 ಇಂಚು, ಒಳಗಿನ ರಿಮ್ಮು 16 ಇಂಚು. ಹೊಲದಾಗ, ಗುಡ್ಡದಾಗ, ಕೆಸರಿನಾಗ ಓಡಿಸುವವರು ಅದನ್ನು ತೆಗೆದು ಹತ್ತೂವರೆ ಇಂಚು ಅಗಲದ ಟೈರು ಹಾಕಿಸುತ್ತಾರೆ. ನಾಲ್ಕೂವರೆ ಇಂಚು ಹೆಚ್ಚಾಯಿತು. ಅಷ್ಟು ಅಗಲದ್ದು ಹಳೇ ಮಡಗಾರ್ಡಿನ ಕೆಳಗೆ ಹಿಡಿಸುವುದಿಲ್ಲ, ಹೊರಗೆ ಇಣುಕುತ್ತದೆ. ಸ್ಟೇರಿಂಗ್ ತಿರುವಿದರೆ ತಗಡಿಗೆ ತಿಕ್ಕುತ್ತದೆ. ಆಗ ಗ್ಯಾರೇಜಿನ ಮಿಸ್ತ್ರಿ ತಗಡು ಕೊಯ್ದು, ಅಂಚಿಗೆ ಪ್ಲಾಸ್ಟಿಕ್ಕಿನ ಇಲ್ಲವೆ ರಬ್ಬರಿನ ಕಮಾನನ್ನು ಬೋಲ್ಟ್ ಹಾಕಿ ಕೂಡಿಸುತ್ತಾನೆ.

ಈಗ ಕಾನೂನಿನ ಮಾತು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆ 1988ರದು. ಅದರ 52ನೇ ಕಲಂ ಪ್ರಕಾರ, ಗಾಡಿ ತಯಾರು ಮಾಡಿದ ಕಂಪನಿ ಮೊದಲು ಹೇಳಿದ್ದಕ್ಕಿಂತ ಬೇರೆ ಆಗುವ ಹಾಗೆ ಮಾಲೀಕರು ಗಾಡಿಯನ್ನು ಬದಲು ಮಾಡಬಾರದು. ಬದಲು ಅಂದರೇನು ಅಂತಲೂ ಅಲ್ಲೇ ಬರೆದಿದೆ: ಗಾಡಿಯ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬದಲಾಗುವುದು. ಕೇರಳದ ಒಂದು ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು ಬದಲು ಮಾಡಿದ ಗಾಡಿಗಳಿಗೆ ಒಪ್ಪಿಗೆ ಕೊಟ್ಟಿತ್ತು. ಆದರೆ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಕಂಪನಿ ಹೇಳಿದ ವಿವರಕ್ಕೆ ವಿರುದ್ಧ ಬದಲು ಮಾಡಕೂಡದು ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ಕಾಯ್ದೆಯ ತಿದ್ದುಪಡಿಯೂ ಆಯಿತು. ಈಗ ತಪ್ಪು ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳ ತನಕ ಜೈಲು, ಇಲ್ಲವೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಅಗಲ ಟೈರು, ಕೊಯ್ದ ತಗಡು, ಮುಂದೆ ಹಾಕಿದ ಕಬ್ಬಿಣದ ಗಾರ್ಡು, ಹೀಗೆ ಮೂರು ಎಂದು ಎಣಿಸಿದರೆ 15,000 ಆಯಿತು. (ಆ ಕಬ್ಬಿಣದ ಗಾರ್ಡಿನ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ಎಲ್ಲಾ ರಾಜ್ಯಗಳಿಗೆ ಬರೆದಿತ್ತು.)

ಹಾಗಾದರೆ 2020ರಲ್ಲಿ ಬಂದ ಹೊಸ ಥಾರ್ ಜೀಪಿಗೂ ಕಪ್ಪು ಕಮಾನು ಇದೆಯಲ್ಲ, ಅದಕ್ಕೆ ಯಾಕೆ ದಂಡ ಇಲ್ಲ? ಯಾಕಂದರೆ ಅದು ಕಾರ್ಖಾನೆಯಲ್ಲೇ ಕೂಡಿಸಿದ್ದು. ಹೊಸ ಮಾದರಿಯ ಗಾಡಿ ಮಾರಾಟಕ್ಕೆ ಬರುವ ಮೊದಲು ಅದನ್ನು ಸರ್ಕಾರ ಒಪ್ಪಿದ ಸಂಸ್ಥೆ ಪರೀಕ್ಷೆ ಮಾಡಬೇಕು. ಅಂಥ ಒಂದು ಸಂಸ್ಥೆ ಪುಣೆಯಲ್ಲಿದೆ, ನಮ್ಮ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಊರು. ಟೈರು, ಕಮಾನು, ಬ್ರೇಕು ಎಲ್ಲಾ ಕೂಡಿಸಿಯೇ ಪರೀಕ್ಷೆ ಆಗಿರ್ತದ. ಗ್ಯಾರೇಜಿನಲ್ಲಿ ಹಾಕಿದ ಕಮಾನು ನೋಡಲಿಕ್ಕೆ ಅದೇ ತರಹ ಇದ್ದರೂ ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಇಂಗ್ಲೆಂಡಿನ ರೀತಿ ಬೇರೆ. ಅಲ್ಲಿ ಗಾಲಿಯಿಂದ ಏಳುವ ಕೆಸರು, ನೀರನ್ನು ತಡೆಯುವ ಮಡಗಾರ್ಡು ಇರಬೇಕು ಅಂತ ನಿಯಮ. ಟೈರು ಅಗಲ ಆದರೆ ಅಗಲ ಕಮಾನು ಹಾಕಿದವನೇ ಸರಿ, ಹಾಕದವನು ತಪ್ಪು. ಜರ್ಮನಿಯಲ್ಲಿ ಬದಲು ಮಾಡಿದ್ದನ್ನು ತಜ್ಞರಿಗೆ ತೋರಿಸಿ ಕಾಗದದಲ್ಲಿ ಬರೆಸಬಹುದು. ನಮ್ಮಲ್ಲಿ ಮೊದಲನೇ ಪ್ರಶ್ನೆಯೇ ಕಂಪನಿ ಏನು ಕೊಟ್ಟಿತ್ತು ಎಂಬುದು. ನನಗಂತೂ ಜರ್ಮನಿಯ ರೀತಿ ಹಿಡಿಸಿತು. ಯಾಕಂದರೆ ಟೈರನ್ನು ಮುಚ್ಚಿದವನಿಗೂ ಮುಚ್ಚದವನಿಗೂ ಒಂದೇ ದಂಡ ಹಾಕಿದರೆ, ಮುಚ್ಚುವ ಖರ್ಚು ಯಾಕೆ ಅಂತ ಜನ ಟೈರನ್ನು ಹಾಗೇ ಬಿಡ್ತಾರ. ರಸ್ತೆ ಅಂಚಿಗೆ ನಡೆದು ಸಾಲಿಗೆ ಬರುವವರು ನಾವು, ಹರಳು ಬಡಿಯುವುದು ನಮಗೆ.

ಆದರೆ ಕಾನೂನು ಹೀಗೆ ಬಿಗಿ ಇರುವುದಕ್ಕೂ ಕಾರಣ ಇದೆ. ಇದನ್ನು ಲೆಕ್ಕ ಮಾಡಿ ನೋಡಬಹುದು. ಹಳೇ ಟೈರಿನ ಎತ್ತರ, ಅಂದರೆ ವ್ಯಾಸ, ಸುಮಾರು 28 ಇಂಚು ಅಂತ ಹಿಡಿಯೋಣ. ಅದನ್ನು 22/7ರಿಂದ ಗುಣಿಸಿದರೆ ಸುತ್ತಳತೆ 88 ಇಂಚು. ಹೊಸದರ ವ್ಯಾಸ 31 ಇಂಚು, ಸುತ್ತಳತೆ 97 ಇಂಚಿಗಿಂತ ಸ್ವಲ್ಪ ಹೆಚ್ಚು. ಗಾಲಿ ಒಂದು ಸುತ್ತು ತಿರುಗಿದರೆ ಜೀಪು 9 ಇಂಚು ಹೆಚ್ಚು ಮುಂದೆ ಹೋಗುತ್ತದೆ. ಮೀಟರಿಗೆ ಇದು ತಿಳಿಯುವುದಿಲ್ಲ, ಅದು ಸುತ್ತು ಎಣಿಸುತ್ತದೆ ಅಷ್ಟೇ. ಮೀಟರಿನ ಮುಳ್ಳು 60 ತೋರಿಸುವಾಗ ಜೀಪು 66ರಲ್ಲಿ ಓಡಿರ್ತದ! ಭಾರದ ಗಾಲಿಯನ್ನು ನಿಲ್ಲಿಸಲಿಕ್ಕೆ ಬ್ರೇಕಿಗೂ ಕಷ್ಟ.

ನಮ್ಮ ಓಣಿಯ ಒಬ್ಬ ಕಾಕಾ ಒಂದು ಹಳೇ ಜೀಪು ತಂದಾರ. ಅವರಿಗೂ ಅಗಲ ಟೈರಿನ ಆಸೆ ಇತ್ತು. ಆದರೆ 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಆಗ ಆರ್.ಟಿ.ಓ. ಆಫೀಸಿನ ಇನ್ಸ್‌ಪೆಕ್ಟರು ಗಾಡಿ ನೋಡ್ತಾರ. ನೋಂದಣಿ ಸಿಗದಿದ್ದರೆ ಜೀಪು ಕೊಟ್ಟಿಗೆಯಲ್ಲೇ ನಿಲ್ಲುತ್ತದೆ. ಅದಕ್ಕೆ ಕಾಕಾ ಮತ್ತೆ 6.00-16ರ ಟೈರೇ ಹಾಕಿಸಿದರು. ಬಣ್ಣ ಮಾತ್ರ ಹಸಿರು ಮಾಡಿಸುವವರಿದ್ದಾರೆ. ಆರ್.ಸಿ.ಯಲ್ಲಿ ಬಣ್ಣವೂ ಬರೆದಿರುತ್ತದೆ, ಆದ್ದರಿಂದ ಅದಕ್ಕೂ ಆರ್.ಟಿ.ಓ. ಆಫೀಸಿಗೆ ಹೋಗಬೇಕು.

ಟೈರು ಮುಚ್ಚಿದೆಯೋ ಇಲ್ಲವೋ ಅಂತ ನೀವೂ ನೋಡಬಹುದು. ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ನಿಂತ ಗಾಡಿಯ ಮಡಗಾರ್ಡಿನ ಹೊರ ಅಂಚಿನಿಂದ ಇಳಿಬಿಡಿ. ಟೈರು ದಾರವನ್ನು ಹೊರಗೆ ದೂಡಿದರೆ ಅಷ್ಟು ಭಾಗ ಬಯಲಿಗಿದೆ. ನಾವು ಮೂವರು ಕಬ್ಬಿನ ಟ್ರ್ಯಾಕ್ಟರಿಗೆ ಹಿಡಿದು ನೋಡಿದೆವು, ಹಿಂದಿನ ಟೈರು ಒಂದು ಗೇಣು ಹೊರಗೇ ಇತ್ತು.

— 7ನೇ ತರಗತಿ