ಗಿಲೀಟಿನ ಸರ ಮಂಕಾದರೆ ತಿಕ್ಕಬೇಡಿ

ಸಂಕ್ರಾಂತಿಗೆ ಕೂಡಲಸಂಗಮದಲ್ಲಿ ಮುಳುಗು ಹಾಕಿ ಬರುವವರಾಗಲಿ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವವರಾಗಲಿ, ಬಳೆ-ಸರದ ಅಂಗಡಿ ಕಂಡರೆ ಒಂದು ಗಳಿಗೆ ನಿಲ್ಲುತ್ತಾರೆ. ಬೋರಮಾಳ, ಗುಂಡಿನ ಸರ, ಝುಮಕಿ, ಪಾಟಲಿ ಹೀಗೆ ಇಳಕಲ್ ಸೀರೆಗೆ ಒಪ್ಪುವ ಒಡವೆಗಳೆಲ್ಲ ಗಿಲೀಟಿನಲ್ಲೂ ಸಿಗುತ್ತವೆ. ಅಜ್ಜಿಯ ಕಾಲದ ಇಂಥ ಸರಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಇನ್ನೂ ಇವೆ, ಬಣ್ಣ ಮಾತ್ರ ಹೋಗಿರುತ್ತದೆ. ಹುಣಸೆಹಣ್ಣು, ಹಲ್ಲುಪುಡಿ ಹಚ್ಚಿ ತಿಕ್ಕಿದರೆ ಹೊಳಪು ಮರಳುತ್ತದೆ ಎಂಬ ನಂಬಿಕೆಯೇ ಅವುಗಳಿಗೆ ದೊಡ್ಡ ಶತ್ರು.

ಹಳೆಯ ಗುಂಡಿನ ಸರವೊಂದನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗುಂಡುಗಳ ನಡುವಿನ ಸಂದಿಯಲ್ಲಿ ಬಂಗಾರದ ಬಣ್ಣ ಹಾಗೇ ಉಳಿದಿರುತ್ತದೆ. ಬಟ್ಟೆಗೆ, ಮೈಗೆ ಉಜ್ಜುವ ಉಬ್ಬಿನ ಮೇಲೆ ತಾಮ್ರದ ಕೆಂಪು ಇಣುಕುತ್ತದೆ. ಕತ್ತಿನ ಹಿಂದೆ ಬೆವರು ನಿಲ್ಲುವ ಕೊಕ್ಕೆಯ ಬಳಿ ಹಸಿರು ಪುಡಿ ಕಾಣುತ್ತದೆ. ಒಂದೇ ಸರದಲ್ಲಿ ಎರಡು ಬೇರೆ ರೋಗಗಳಿವೆ: ಒಂದು ಸವೆತ, ಇನ್ನೊಂದು ಕಿಲುಬು.

ಸವೆಯುವ ಪದರ ಎಷ್ಟು ತೆಳು? ಅಗ್ಗದ ಒಡವೆಗಳಲ್ಲಿ ಚಿನ್ನದ ಲೇಪ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ; ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 0.2 ಮೈಕ್ರಾನಿನ ಲೇಪವಾದರೆ ಒಂದೇ ಗ್ರಾಂ ಚಿನ್ನ ಸುಮಾರು 2,500 ಚದರ ಸೆಂಟಿಮೀಟರ್ ಜಾಗವನ್ನು ಮುಚ್ಚುತ್ತದೆ. ಇಷ್ಟು ತೆಳು ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಇದ್ದೇ ಇರುತ್ತವೆ. ಬೆವರಿನ ಉಪ್ಪು ಅವುಗಳೊಳಗೆ ಇಳಿದಾಗ, ಚಿನ್ನ ಮತ್ತು ಅಡಿಯ ತಾಮ್ರ ಸೇರಿ ಪುಟ್ಟ ವಿದ್ಯುತ್ ಕೋಶವಾಗುತ್ತವೆ. ಚಿನ್ನ ಸುಲಭಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡುವುದಿಲ್ಲ, ತಾಮ್ರ ಬಿಟ್ಟುಕೊಡುತ್ತದೆ. ಹಾಗಾಗಿ ತಾಮ್ರ ಕರಗಿ, ಹಸಿರು ಕಿಲುಬಾಗಿ ಮೇಲೆ ಬರುತ್ತದೆ.

ಹುಣಸೆಯ ಟಾರ್ಟಾರಿಕ್ ಆಮ್ಲ ಈ ಕಿಲುಬನ್ನೂ ತಾಮ್ರದ ಆಕ್ಸೈಡನ್ನೂ ಕರಗಿಸುತ್ತದೆ. ತಾಮ್ರದ ಕೊಡಕ್ಕೆ ಅದು ಒಳ್ಳೆಯ ಮದ್ದು, ಏಕೆಂದರೆ ಕೊಡ ಒಳಗೂ ಹೊರಗೂ ತಾಮ್ರವೇ. ಗಿಲೀಟಿನಲ್ಲಿ ಆಮ್ಲ ಅದೇ ರಂಧ್ರಗಳಿಂದ ಇಳಿದು ಲೇಪದ ಅಡಿಯನ್ನು ಸಡಿಲಿಸುತ್ತದೆ. ಹಲ್ಲುಪುಡಿಯ ಗಟ್ಟಿ ಕಣಗಳು ಉಳಿದ ಚಿನ್ನವನ್ನು ಕೆರೆದು ಹಾಕುತ್ತವೆ.

ಬೆಳ್ಳಿಯ ಕಥೆ ಬೇರೆ. ಇಷ್ಟಲಿಂಗದ ಬೆಳ್ಳಿ ಕರಡಿಗೆ ಕಪ್ಪಾಗುವುದು ಗಾಳಿಯ ಗಂಧಕದಿಂದ. ಆ ಕಪ್ಪು ಬೆಳ್ಳಿಯ ಸಲ್ಫೈಡ್. ಬೆಳ್ಳಿ ಅದರೊಳಗೇ ಇದೆ. ಬಿಸಿನೀರು, ಅಡುಗೆ ಸೋಡಾದಲ್ಲಿ ಅಲ್ಯೂಮಿನಿಯಂ ಹಾಳೆಗೆ ತಾಗಿಸಿಟ್ಟರೆ ಸಲ್ಫೈಡ್ ಮತ್ತೆ ಬೆಳ್ಳಿಯಾಗುತ್ತದೆ. ಸವೆದು ಹೋದ ಚಿನ್ನ ಹೀಗೆ ಮರಳಲಾರದು. ಗಿಲೀಟಿನ ಒಡವೆಗೆ ಈ ಉಪಾಯ ಬೇಡವೇ ಬೇಡ: ಬಿಸಿನೀರಿಗೆ ಹರಳಿನ ಅಂಟು ಬಿಡುತ್ತದೆ, ಹರಳಿನ ಹಿಂದಿನ ಹೊಳಪು ಹಾಳೆ ಕಪ್ಪಾಗುತ್ತದೆ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಶುಚಿ ಮಾತ್ರ. ಸೌಮ್ಯ ಸೋಪಿನ ಹನಿ ಬೆರೆತ ನೀರಲ್ಲಿ ಮೆತ್ತನೆಯ ಬ್ರಷ್ ಅದ್ದಿ, ಒಡವೆಯನ್ನು ನೆನೆಯಿಡದೆ ಒರೆಸಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಕೊನೆಯ ತೊಳೆತಕ್ಕೆ ಶುದ್ಧೀಕರಿಸಿದ ನೀರು ಬಳಸಿ, ಕೂಡಲೇ ಒಣಗಿಸಿ.

ಬಣ್ಣ ಬೇಕೆಂದರೆ ಹೊಸದಾಗಿ ಬಂಗಾರದ ನೀರು ಕೊಡಿಸಬೇಕು. ವೋಲ್ಟಾನ ಬ್ಯಾಟರಿ ಬಂದ ಕೆಲವೇ ವರ್ಷಗಳಲ್ಲಿ, 1805ರಲ್ಲಿ, ಇಟಲಿಯ ಲುಯಿಜಿ ಬ್ರುನ್ಯಾಟೆಲ್ಲಿ ವಿದ್ಯುತ್ತಿನಿಂದ ಚಿನ್ನ ಲೇಪಿಸಿ ತೋರಿಸಿದ್ದ. ಅದಕ್ಕೂ ಮೊದಲು ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ, ಕಾಯಿಸಿ ಪಾದರಸವನ್ನು ಹಾರಿಸುತ್ತಿದ್ದರು. ಆ ಹೊಗೆ ಕುಶಲಕರ್ಮಿಗಳ ನರಗಳನ್ನೇ ಕೆಡಿಸುತ್ತಿತ್ತು. ಇಂದು ಒಡವೆಯ ಜಿಡ್ಡು ತೆಗೆದು, ಮೇಲ್ಮೈ ನುಣುಪು ಮಾಡಿ, ಅದನ್ನು ಋಣ ತುದಿಗೆ ಕಟ್ಟಿ ಚಿನ್ನದ ಲವಣದ ದ್ರಾವಣದಲ್ಲಿ ಇಳಿಸುತ್ತಾರೆ. ಕರೆಂಟು ಹರಿದಂತೆ ಚಿನ್ನದ ಪರಮಾಣುಗಳು ಬಂದು ಕೂರುತ್ತವೆ. ದ್ರಾವಣದಲ್ಲಿ ಸಾಮಾನ್ಯವಾಗಿ ಸೈನೈಡ್ ಇರುವುದರಿಂದ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಪಾಲಿಶ್ ಅಂಗಡಿಯಲ್ಲಿ ಎರಡು ಮಾತು ಕೇಳಿ: ಲೇಪ ಎಷ್ಟು ಮೈಕ್ರಾನ್? ಅಡಿಯಲ್ಲಿ ಯಾವ ಲೋಹ? ಅಡಿಯಲ್ಲಿ ತಡೆಪದರ ಇಲ್ಲದಿದ್ದರೆ ತಾಮ್ರ ನಿಧಾನಕ್ಕೆ ಚಿನ್ನದೊಳಗೆ ನುಸುಳಿ ಬಣ್ಣ ಮಂಕಾಗಿಸುತ್ತದೆ. ನಿಕ್ಕಲ್ ಅದನ್ನು ತಡೆಯುತ್ತದೆ, ಆದರೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಅಂಥವರು ಪೆಲ್ಲೇಡಿಯಂ ಕೇಳಬಹುದು. ಅಪರೂಪಕ್ಕೆ ತೊಡುವ ಝುಮಕಿಗೆ ತೆಳು ಲೇಪ ಸಾಕು, ದಿನವೂ ಉಜ್ಜಾಡುವ ಪಾಟಲಿಗೆ ಸಾಲದು. ಇಷ್ಟು ತಿಳಿದು ಕೊಡಿಸಿದರೆ ಅಜ್ಜಿಯ ಸರ ಮೊಮ್ಮಗಳ ಮದುವೆಗೂ ಆದೀತು.