ವಿಚ್ಛೇದನದ ಕೋರ್ಟ್ ಕಾಗದ: ಎಲ್ಲಿ ಹುಡುಕುವುದು, ಹೇಗೆ ಪಡೆಯುವುದು?

ವ್ಯವಹಾರಗಳನ್ನು ಬರೆದಿಡಬೇಕು, ಸಾಕ್ಷಿಗಳನ್ನು ನಿಲ್ಲಿಸಬೇಕು ಎಂಬ ವಿಷಯದ ಖುತ್ಬಾದ ಸಾರಾಂಶ ಕಳೆದ ಸಂಚಿಕೆಯಲ್ಲಿ ಬಂದಿತ್ತು. ಸಾಲದ ಬರವಣಿಗೆಯ ವಿಷಯ ಸೂರಃ ಅಲ್ ಬಕರಃದಲ್ಲಿದೆ, ವಿಚ್ಛೇದನಕ್ಕೆ ನ್ಯಾಯವಂತರಾದ ಇಬ್ಬರು ಸಾಕ್ಷಿಗಳ ವಿಷಯ ಸೂರಃ ಅತ್ತಲಾಕ್‌ನಲ್ಲಿದೆ. ಅದನ್ನು ಓದಿದ ಒಬ್ಬ ಹಿರಿಯರು ಜುಮಾ ಮುಗಿದ ಬಳಿಕ ಪಕ್ಕಕ್ಕೆ ಕರೆದು ಕೇಳಿದರು: “ಮಗಳ ತಲಾಕ್ ಆಗಿ ಹತ್ತು ವರ್ಷ ದಾಟಿತು. ಈಗ ಇನ್ನೊಂದು ಸಂಬಂಧ ಬಂದಿದೆ. ಹುಡುಗ ದುಬೈಯಲ್ಲಿ. ಅಲ್ಲಿಗೆ ಕೋರ್ಟಿನ ಕಾಗದ ಬೇಕಂತೆ. ಕುಂದಾಪುರ ಕೋರ್ಟಿಗೆ ಹೋದರೆ ಕೊಡುತ್ತಾರಾ?”

ನಾನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ಕೋರ್ಟಿನಲ್ಲಿ ಕೇಸು ನಡೆದಿತ್ತೇ? ಅವರು ಇಲ್ಲವೆಂದರು. ಜಮಾಅತ್‌ನಲ್ಲಿ ಹಿರಿಯರ ಮುಂದೆ ಆಗಿತ್ತು, ಒಂದು ಪತ್ರ ಕೊಟ್ಟಿದ್ದರು, ಅಷ್ಟೇ.

ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಚ್ಛೇದನವಾದರೆ ಕೋರ್ಟಿನಲ್ಲಿ ಎಲ್ಲೋ ಒಂದು ದಾಖಲೆ ಇದ್ದೇ ಇರುತ್ತದೆ ಎಂದು ಭಾವಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ತಲಾಕ್, ಖುಲಾ, ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರಾತ್ ಇವೆಲ್ಲ ಸಾಮಾನ್ಯವಾಗಿ ಕೋರ್ಟಿನ ಹೊರಗೆ ನಡೆಯುತ್ತವೆ. ಅವು ಮಸೀದಿಯ ರಿಜಿಸ್ಟರ್‌ನಲ್ಲೋ ಖಾಝಿಯವರ ಪುಸ್ತಕದಲ್ಲೋ ಇರುತ್ತವೆ. ಆ ಬರಹಕ್ಕೆ ಸಾಕ್ಷ್ಯವೆಂಬ ಬೆಲೆ ಇದೆ, ಆದರೆ ಅದು ಕೋರ್ಟಿನ ತೀರ್ಪಲ್ಲ. 1880ರ ಖಾಝಿಗಳ ಕಾಯ್ದೆಯೇ ಖಾಝಿಗೆ ನ್ಯಾಯಾಧೀಶರ ಅಧಿಕಾರ ಕೊಡುವುದಿಲ್ಲ. ಫತ್ವಾ ಮತ್ತು ದಾರುಲ್ ಕಝಾಗಳ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ ಎಂದು ಸುಪ್ರೀಮ್ ಕೋರ್ಟ್ 2014ರಲ್ಲಿ ಹೇಳಿದೆ. ವಕ್ಫ್ ಮಂಡಳಿಯಲ್ಲಿ ಸಿಗಬಹುದೆಂದು ಹೋಗುವವರೂ ಇದ್ದಾರೆ. 2023ರಲ್ಲಿ ರಾಜ್ಯ ಸರಕಾರ ಮಂಡಳಿಗೆ ಕೊಟ್ಟಿದ್ದ ಅಧಿಕಾರ ಮದುವೆಯ ಪ್ರಮಾಣಪತ್ರದ್ದು, ಅದಕ್ಕೂ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ನೀಡಿತು.

ಹಾಗಾದರೆ ಕೋರ್ಟಿನಲ್ಲಿ ಯಾರ ದಾಖಲೆ ಇರುತ್ತದೆ? ಮುಖ್ಯವಾಗಿ 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಡಿ ಹೆಂಡತಿಯೇ ದಾವೆ ಹಾಕಿದ್ದರೆ ಅವಳದು. ಗಂಡ ನಾಲ್ಕು ವರ್ಷ ಎಲ್ಲಿದ್ದಾನೆಂದೇ ತಿಳಿಯದಿರುವುದು, ಎರಡು ವರ್ಷ ಖರ್ಚಿಗೆ ಕೊಡದಿರುವುದು, ಕ್ರೌರ್ಯ ಮುಂತಾದ ಕಾರಣಗಳನ್ನು ಆ ಕಾಯ್ದೆ ಹೇಳುತ್ತದೆ. ಗಂಡ ನಾಪತ್ತೆಯಾದ ಕಾರಣಕ್ಕೆ ಡಿಕ್ರಿ ಆಗಿದ್ದರೆ ಅದು ಆರು ತಿಂಗಳ ನಂತರವೇ ಜಾರಿಗೆ ಬರುತ್ತದೆ. ಆ ನಡುವೆ ಅವನು ಬಂದು, ಸಂಸಾರ ನಡೆಸಲು ಸಿದ್ಧನಿದ್ದೇನೆ ಎಂದು ಕೋರ್ಟಿಗೆ ಮನವರಿಕೆ ಮಾಡಿಕೊಟ್ಟರೆ ಡಿಕ್ರಿ ರದ್ದಾಗುತ್ತದೆ. ಆದ್ದರಿಂದ ಅಂಥ ಡಿಕ್ರಿಯ ತಾರೀಕನ್ನು ನೋಡಿ ಇದ್ದತ್ ಲೆಕ್ಕ ಹಾಕುವ ಮೊದಲು ವಕೀಲರಿಗೂ ಉಸ್ತಾದರಿಗೂ ತೋರಿಸಿ.

ಇನ್ನು ಹುಡುಕುವ ಕೆಲಸ. ಮೊದಲು ಯಾವ ಊರಿನ ಕೋರ್ಟ್ ಎಂದು ತಿಳಿಯಬೇಕು. ಹೆಮ್ಮಾಡಿಯವರ ದಾವೆ ಕುಂದಾಪುರದಲ್ಲಿ ನಡೆದಿರಬಹುದು, ಉಡುಪಿಯಲ್ಲಿ ನಡೆದಿರಬಹುದು. ಗಂಡನ ಮನೆ ಭಟ್ಕಳವೋ ಮಂಗಳೂರೋ ಆಗಿದ್ದರೆ ಅಲ್ಲಿಯೂ ನಡೆದಿರಬಹುದು. 1997ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆ ಆಗುವ ತನಕ ನಾವು ದಕ್ಷಿಣ ಕನ್ನಡದವರು. ಆದ್ದರಿಂದ ತಾಯಿ, ಅಜ್ಜಿಯ ಕಾಲದ ಕೇಸು ಜಿಲ್ಲಾ ನ್ಯಾಯಾಲಯದ ತನಕ ಹೋಗಿದ್ದರೆ ಮಂಗಳೂರಿನಲ್ಲೂ ವಿಚಾರಿಸಬೇಕು.

ಕೇಸಿನ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಗೊತ್ತಿಲ್ಲದಿದ್ದರೆ ಮನೆಯ ಹಳೆಯ ಪೆಟ್ಟಿಗೆ ನೋಡಿ. ಸಮನ್ಸ್, ವಕೀಲರ ನೋಟೀಸ್, ಫೀಸಿನ ರಶೀದಿ, ಯಾವುದರ ಮೂಲೆಯಲ್ಲಾದರೂ ನಂಬರ್ ಇರುತ್ತದೆ. ಅದೂ ಇಲ್ಲದಿದ್ದರೆ ಇ-ಕೋರ್ಟ್ಸ್ ಸರ್ವಿಸಸ್ ಎಂಬ ಸರಕಾರಿ ಆ್ಯಪ್‌ನಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಆರಿಸಿ, ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ಹೆಸರಿನ ಮೂರು ಅಕ್ಷರ ಹಾಕಿದರೂ ಸಾಕು, ಇಂಗ್ಲಿಷ್‌ನಲ್ಲಿ. ನಮ್ಮ ಹೆಸರುಗಳ ಕಷ್ಟ ಇಲ್ಲಿ ಗೊತ್ತಾಗುತ್ತದೆ. ಮುಹಮ್ಮದ್, ಮೊಹಮ್ಮದ್, ಮಹಮ್ಮದ್, ಬರೀ ‘ಎಂ.ಡಿ.’, ಒಬ್ಬನೇ ಮನುಷ್ಯ ನಾಲ್ಕು ಕಡತಗಳಲ್ಲಿ ನಾಲ್ಕು ರೀತಿ ಇರುತ್ತಾನೆ. ಒಂದರಲ್ಲಿ ಸಿಗಲಿಲ್ಲವೆಂದು ಬಿಡಬೇಡಿ. ಎದುರುದಾರರ ಹೆಸರು ಹಾಕಿ, ವಕೀಲರ ಹೆಸರು ಹಾಕಿ ನೋಡಿ. ಸಿಕ್ಕಿದರೆ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಅದೊಂದೇ ಸಾಕು.

ಇನ್ನೊಂದು ಸೂಕ್ಷ್ಮವಿದೆ. ವಿಚ್ಛೇದನದ ಕೇಸೆಂದರೆ ‘ಎಂ.ಸಿ.’ ಎಂದು ಕೋರ್ಟಿನ ಸುತ್ತ ಎಲ್ಲರೂ ಹೇಳುತ್ತಾರೆ. ಆದರೆ 1939ರ ಕಾಯ್ದೆಯ ದಾವೆಗಳು ಸಾಮಾನ್ಯವಾಗಿ ‘ಓ.ಎಸ್.’, ಅಂದರೆ ಮೂಲ ದಾವೆ ಎಂದು ನೋಂದಣಿಯಾಗಿರುತ್ತವೆ. ಎಂ.ಸಿ. ಪಟ್ಟಿಯಲ್ಲಿ ಮಾತ್ರ ಹುಡುಕಿ ‘ಅಂಥ ಕೇಸೇ ಇಲ್ಲ’ ಎಂಬ ಉತ್ತರ ಪಡೆದು ಮನೆಗೆ ಬಂದರೆ ದಿನ ಹಾಳು. ಕಂಪ್ಯೂಟರ್ ಬರುವ ಮೊದಲಿನ ಕೇಸುಗಳಿಗೆ ದಾವೆಗಳ ರಿಜಿಸ್ಟರ್ ಇರುತ್ತದೆ. ಪ್ರತಿ ವರ್ಷ ಒಂದರಿಂದ ನಂಬರ್ ಶುರುವಾಗುವುದರಿಂದ ವರ್ಷ ಸರಿಯಾಗಿ ಹೇಳಿದರೆ ಹುಡುಕಲು ಸಾಧ್ಯ.

ಆ್ಯಪ್‌ನಿಂದ ಇಳಿಸಿದ ಪ್ರತಿ ಮಾಹಿತಿಗೆ ಮಾತ್ರ. ಬೇಕಾದದ್ದು ಕೋರ್ಟಿನ ಮೊಹರು, ಸಹಿ ಇರುವ ದೃಢೀಕೃತ ನಕಲು, ಎಲ್ಲರೂ ಸರ್ಟಿಫೈಡ್ ಕಾಪಿ ಎನ್ನುವುದು. ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲನ್ನು ಕಕ್ಷಿದಾರರು ಕೇಳಿದರೆ ಅವರ ಖರ್ಚಿನಲ್ಲಿ ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 20ನೇ ನಿಯಮ ಹೇಳುತ್ತದೆ. ತೀರ್ಪು ಕೊಟ್ಟ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ, ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿ, ಅರ್ಜಿಯ ನಂಬರ್ ಪಡೆದುಕೊಳ್ಳಿ. ವಕೀಲರ ಮೂಲಕ ಹಾಕಿಸುವುದೇ ರೂಢಿ, ಆದರೆ ಕಕ್ಷಿದಾರರು ಸ್ವತಃ ಹಾಕಲು ಅಡ್ಡಿಯಿಲ್ಲ. ಹಳೆಯ ಕಡತ ರೆಕಾರ್ಡ್ ರೂಮಿನಿಂದ ಬರಬೇಕಾದ್ದರಿಂದ ತಡವಾಗಬಹುದು. ನಕಲಿನ ಮೇಲೆ ಅರ್ಜಿ ಹಾಕಿದ ದಿನ, ಸಿದ್ಧವಾದ ದಿನ, ಕೊಟ್ಟ ದಿನ ನಮೂದಾಗಿರುತ್ತವೆ. ಅವು ಸುಮ್ಮನೆ ಬರೆದದ್ದಲ್ಲ. ಮೇಲ್ಮನವಿಯ ಗಡುವಿನಿಂದ ನಕಲಿಗೆ ತಗಲಿದ ದಿನಗಳನ್ನು ಬಿಟ್ಟು ಲೆಕ್ಕ ಹಾಕುತ್ತಾರೆ.

ತೀರ್ಪು, ಡಿಕ್ರಿ ಎರಡನ್ನೂ ಪಡೆಯಿರಿ. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ಮದುವೆ ವಿಸರ್ಜನೆಯಾಗಿದೆ ಎಂಬ ಆದೇಶ ಮಾತ್ರ. ಹೊರಗಿನವರಿಗೆ ತೋರಿಸಲು ಡಿಕ್ರಿಯೇ ಒಳ್ಳೆಯದು. ಮನೆಯ ಜಗಳದ ಸಂಗತಿಗಳೆಲ್ಲ ಅನ್ಯರ ಕೈಗೆ ಹೋಗುವುದು ಬೇಡ.

ಮದುವೆ ಮಾತಾಡಲು ಬಂದವರು ಹುಡುಗಿಯ ಅಥವಾ ಹುಡುಗನ ಹಳೆಯ ಕೇಸಿನ ಕಡತ ತಾವೇ ತೆಗೆಸುತ್ತೇವೆ ಎನ್ನುವುದುಂಟು. ಕಕ್ಷಿದಾರರಲ್ಲದವರು ಕಾರಣ ತಿಳಿಸಿ ಅಫಿಡವಿತ್ ಹಾಕಿ ಕೋರ್ಟಿನ ಅನುಮತಿ ಪಡೆಯಬೇಕು. ಮಾಹಿತಿ ಹಕ್ಕಿನಡಿ ಕೇಳಿದರೂ ಸಿಗದು. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದ ಪ್ರಕಾರವೇ ಕೇಳಬೇಕೆಂದು ಸುಪ್ರೀಮ್ ಕೋರ್ಟ್ 2020ರಲ್ಲಿ ಹೇಳಿದೆ. ನೇರವಾಗಿ ಆ ಮನೆಯವರನ್ನೇ ಕೇಳಿ, ಡಿಕ್ರಿ ತೋರಿಸಲು ಹೇಳಿ. ಅದೇ ಮರ್ಯಾದೆಯ ದಾರಿ.

ಈಗ ಆ ಹಿರಿಯರ ಮಗಳ ವಿಷಯಕ್ಕೆ ಬರೋಣ. ಕೈಯಲ್ಲಿ ಜಮಾಅತ್‌ನ ಪತ್ರ ಮಾತ್ರ ಇದ್ದರೆ ದಾರಿ ಮುಚ್ಚಿಲ್ಲ. ಮದುವೆ ಮುಗಿದಿದೆ, ತಾನು ವಿಚ್ಛೇದಿತೆ ಎಂದು ಘೋಷಿಸುವಂತೆ ಕೋರಿ ದಾವೆ ಹಾಕಬಹುದು. 1984ರ ಕಾಯ್ದೆಯ 7ನೇ ಕಲಮಿನ ಪ್ರಕಾರ ಕೌಟುಂಬಿಕ ನ್ಯಾಯಾಲಯಕ್ಕೆ ಈ ಅಧಿಕಾರವಿದೆ. ಅದರ ವ್ಯಾಪ್ತಿಗೆ ಬಾರದ ಕಡೆ ಸಿವಿಲ್ ನ್ಯಾಯಾಲಯದಲ್ಲಿ ಹಾಕಬೇಕು. ಜಮಾಅತ್‌ನ ರಿಜಿಸ್ಟರ್, ಅಂದು ಇದ್ದ ಸಾಕ್ಷಿಗಳು, ಮಹರ್ ಹಿಂದಿರುಗಿಸಿದ ಅಥವಾ ಕೊಟ್ಟ ರಶೀದಿ ಇಲ್ಲಿ ಕೆಲಸಕ್ಕೆ ಬರುತ್ತವೆ. ಸಾಕ್ಷಿಗಳು ವಯಸ್ಸಾದವರು, ಅವರು ಇರುವಾಗಲೇ ಮಾಡಿಸಿಕೊಳ್ಳಿ.

ಆದರೆ ಪತ್ರವನ್ನು ಮೊದಲು ಸರಿಯಾಗಿ ಓದಿ. ಒಂದೇ ಉಸಿರಿನಲ್ಲಿ ಮೂರು ತಲಾಕ್ ಹೇಳಿದ್ದೆಂದು ಅದರಲ್ಲಿದ್ದರೆ ಸಮಸ್ಯೆ ಬೇರೆ. 2017ರ ಆಗಸ್ಟ್ 22ರಂದು ಸುಪ್ರೀಮ್ ಕೋರ್ಟ್ ಅದನ್ನು ಅಸಿಂಧುವೆಂದಿತು, 2019ರ ಕಾಯ್ದೆ ಮೂರು ವರ್ಷದ ತನಕ ಶಿಕ್ಷೆಯನ್ನೂ ಇಟ್ಟಿತು. ಅಂಥ ಪತ್ರವನ್ನು ನಂಬಿ ಹೆಣ್ಣುಮಗಳು ಮರುಮದುವೆಯಾದರೆ ಕಾನೂನಿನ ಕಣ್ಣಿನಲ್ಲಿ ಅವಳ ಮೊದಲ ಮದುವೆ ಇನ್ನೂ ಇದೆ, ಎರಡನೆಯದು ಅಪರಾಧವಾಗುವ ಅಪಾಯವಿದೆ. ಜೀವನಾಂಶದ ಕೇಸಿನಲ್ಲಿ ಗಂಡ ‘ಹಿಂದೆಯೇ ತಲಾಕ್ ಕೊಟ್ಟಿದ್ದೇನೆ’ ಎಂದು ಬರೆದುಕೊಟ್ಟ ಕಾಗದವನ್ನು ವಿಚ್ಛೇದನದ ದಾಖಲೆ ಎಂದು ಜೋಪಾನ ಮಾಡಿದವರಿದ್ದಾರೆ. ಹಾಗೆ ಬರೆದ ಮಾತ್ರಕ್ಕೆ ತಲಾಕ್ ಆಗುವುದಿಲ್ಲ, ಸಾಬೀತುಪಡಿಸಬೇಕು ಎಂದು 2002ರ ಶಮೀಮ್ ಆರಾ ತೀರ್ಪು ಸ್ಪಷ್ಟವಾಗಿ ಹೇಳಿದೆ.

ಪಾಸ್‌ಪೋರ್ಟಿಗೆ ಡಿಕ್ರಿ ಬೇಕಾಗಿಲ್ಲ, 2016ರ ಡಿಸೆಂಬರ್‌ನಲ್ಲೇ ಆ ನಿಯಮ ಹೋಯಿತು. ಕೊಲ್ಲಿ ದೇಶಗಳಲ್ಲಿ ಮದುವೆ ನೋಂದಣಿಗೆ, ಮಕ್ಕಳ ವೀಸಾಕ್ಕೆ ಕೇಳುತ್ತಾರೆ. ಕನ್ನಡದಲ್ಲಿರುವ ಡಿಕ್ರಿಗೆ ಅನುವಾದ ಬೇಕು. ಸೌದಿ, ಒಮಾನ್, ಬಹ್ರೈನ್‌ಗೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ ನಡೆಯುತ್ತದೆ. ಆ ಒಪ್ಪಂದದಲ್ಲಿಲ್ಲದ ದೇಶಕ್ಕೆ ಅದರ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಈ ಮೊಹರುಗಳೆಲ್ಲ ಬೀಳುವುದು ಮೂಲ ದೃಢೀಕೃತ ನಕಲಿನ ಮೇಲೆ. ಆದ್ದರಿಂದ ಅರ್ಜಿ ಹಾಕುವಾಗಲೇ ಎರಡು ಮೂರು ಪ್ರತಿ ಕೇಳಿ.

ಖರ್ಚಿನ ಚಿಂತೆಯಿಂದ ಸುಮ್ಮನಿರುವ ಸಹೋದರಿಯರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕುಂದಾಪುರ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವೆಗಳ ಸಮಿತಿ ಇದೆ, ಫೋನಿನಲ್ಲಾದರೆ 15100. ಹೋಗುವಾಗ ನಿಕಾಹ್‌ನಾಮೆಯ ಬಗ್ಗೆಯೂ ಕೇಳಿ. ಕೇಸಿನಲ್ಲಿ ಮೂಲ ಪ್ರತಿಯನ್ನೇ ಹಾಜರುಪಡಿಸಿದ್ದರೆ ಅದು ಇನ್ನೂ ಕಡತದೊಳಗೇ ಇರಬಹುದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ಬೇರೆ ಅರ್ಜಿ ಕೊಟ್ಟು ಅದನ್ನು ಹಿಂದಕ್ಕೆ ಪಡೆಯಬಹುದು.