ಪುಟ್ಟನೂ ಗುರುತ್ವ ಕೇಂದ್ರವೂ

ನಮ್ಮ ಮನೆಯಲ್ಲಿ ಹದಿನಾರು ತಿಂಗಳ ಗಂಡುಮಗುವೊಂದಿದೆ. ನಾಮಕರಣದ ದಿನ ಅವನಿಗೆ ದೊಡ್ಡದೊಂದು ಹೆಸರನ್ನೇ ಇಟ್ಟಿದ್ದೇವೆ. ಆದರೆ ಎಲ್ಲರ ಬಾಯಿಗೂ ಅವನು ಪುಟ್ಟ. ಅವನು ನಡೆಯಲು ತೊಡಗಿದ ಈ ಮೂರು ತಿಂಗಳಲ್ಲಿ ನಮ್ಮ ಮನೆಯ ಸಮಸ್ತ ವಸ್ತುಗಳೂ ನೆಲವನ್ನು ಬಿಟ್ಟು ಮೂರಡಿ ಮೇಲಕ್ಕೇರಿದುವು. ಪುಸ್ತಕಗಳು ಅಟ್ಟ ಸೇರಿದುವು. ನನ್ನ ಕನ್ನಡಕಕ್ಕೆ ಬೀರುವಿನ ನೆತ್ತಿಯೇ ಗತಿಯಾಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವ ನಾನು ಗುರುತ್ವಾಕರ್ಷಣೆಯನ್ನು ಎಷ್ಟೋ ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತಲೂ ಅಳಿಸುತ್ತಲೂ ಬಂದವನು. ಅದರ ನಿಜವಾದ ಪರಿಚಯವಾದುದು ಮಾತ್ರ ಪುಟ್ಟನಿಂದ.

ಮೊದಲು ಬೀಳುವ ವಿಚಾರವನ್ನೇ ನೋಡೋಣ. ನಡೆಯಲು ಕಲಿಯುವ ಮಗು ದಿನಕ್ಕೆ ಎಷ್ಟು ಸಲ ಬೀಳುತ್ತದೆ? ಇದನ್ನು ಎಣಿಸಿ ನೋಡಿದವರುಂಟು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಕ್ಯಾರೆನ್ ಅಡಾಲ್ಫ್ ಮತ್ತು ಅವರ ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ೧೨ರಿಂದ ೧೯ ತಿಂಗಳ ಮಕ್ಕಳು ಆಡುತ್ತಿರುವಾಗ ಗಂಟೆಗೆ ಸರಾಸರಿ ೨,೩೬೮ ಹೆಜ್ಜೆಗಳನ್ನಿಡುತ್ತವೆ, ೧೭ ಬಾರಿ ಬೀಳುತ್ತವೆ. ನಾನು ಈ ಅಂಕಿಗಳನ್ನು ನನ್ನ ತಾಯಿಗೆ ಓದಿ ಹೇಳಿದೆ. “ಇದನ್ನು ಎಣಿಸೋದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇನಪ್ಪಾ?” ಎಂದು ಕೇಳಿದರು.

ಮಗು ಇಷ್ಟು ಬೀಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಅದರ ತಲೆ. ಹುಟ್ಟಿದ ಕೂಸಿನ ತಲೆ ಅದರ ಒಟ್ಟು ಉದ್ದದ ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ಬೆಳೆದವರಲ್ಲಿ ಅದು ಎಂಟನೆಯ ಒಂದು ಭಾಗದ ಸಮೀಪಕ್ಕೆ ಇಳಿಯುತ್ತದೆ. ಪುಟ್ಟನ ವಯಸ್ಸಿನಲ್ಲಿ ಸುಮಾರು ಐದನೆಯ ಒಂದು ಭಾಗ. ಮೇಲೆ ದೊಡ್ಡ ತಲೆ, ಕೆಳಗೆ ಗಿಡ್ಡ ಕಾಲು. ಆದುದರಿಂದ ಅವನ ಗುರುತ್ವ ಕೇಂದ್ರ ಹೊಕ್ಕಳಿಗಿಂತಲೂ ಮೇಲಿದೆ. ನಮ್ಮ ನಿಮ್ಮದು ಹೊಕ್ಕಳಿಗಿಂತ ಸ್ವಲ್ಪ ಕೆಳಗೆ. ನವರಾತ್ರಿಯಲ್ಲಿ ಕೂರಿಸುವ ತಂಜಾವೂರಿನ ಗೊಂಬೆಯನ್ನು ನೀವು ನೋಡಿರಬಹುದು. ಅದರ ಬುಡ ದುಂಡಗೆ, ಭಾರವಾಗಿರುವುದರಿಂದ ಎಷ್ಟು ಸಲ ಉರುಳಿಸಿದರೂ ಎದ್ದು ನಿಲ್ಲುತ್ತದೆ. ಅದನ್ನು ತಲೆಕೆಳಗು ಮಾಡಿ ಎರಡು ಕಾಲು ಜೋಡಿಸಿ ನಡೆಯಲು ಬಿಟ್ಟರೆ ಏನಾದೀತೋ ಅದೇ ಪುಟ್ಟನ ಸ್ಥಿತಿ.

ಇನ್ನೊಂದು ಕಾರಣವನ್ನು ವಾಚಕರು ಈ ಕ್ಷಣವೇ ಪರೀಕ್ಷಿಸಬಹುದು. ಉದ್ದವಾದ ಕೋಲೊಂದನ್ನು ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿ. ಕೊಂಚ ಅಭ್ಯಾಸವಾದರೆ ಕೈಯನ್ನು ಅತ್ತಿತ್ತ ಸರಿಸುತ್ತ ಅದನ್ನು ಬೀಳದಂತೆ ಕಾಯಬಹುದು. ಬಳಿಕ ಸೀಸದ ಕಡ್ಡಿಯೊಂದನ್ನು ಹಾಗೆಯೇ ನಿಲ್ಲಿಸಲು ಯತ್ನಿಸಿ. ಆಗದು. ನಿಂತ ವಸ್ತು ವಾಲಲು ಹಿಡಿಯುವ ಕಾಲ ಅದರ ಎತ್ತರದ ವರ್ಗಮೂಲದ ಅನುಪಾತದಲ್ಲಿದೆ. ಗಿಡ್ಡದು ಬೇಗ ಉರುಳುತ್ತದೆ. ಪುಟ್ಟನ ಎತ್ತರ ೭೮ ಸೆಂಟಿಮೀಟರು, ನನ್ನದು ೧೬೫. ಲೆಕ್ಕ ಹಾಕಿದರೆ, ಎಡವಿದಾಗ ಸಾವರಿಸಿಕೊಳ್ಳಲು ನನಗೆ ದೊರೆಯುವ ಅವಕಾಶದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಅವನಿಗೆ ದೊರೆಯುತ್ತದೆ. ಸಾವರಿಸಿಕೊಳ್ಳುವ ವಿದ್ಯೆಯಲ್ಲಿಯೂ ಅವನಿನ್ನೂ ಹೊಸಬ.

ಇಷ್ಟೆಲ್ಲ ಬಿದ್ದರೂ ಅವನಿಗೆ ಪೆಟ್ಟಾಗುವುದು ಅಪರೂಪ. ಇದರ ರಹಸ್ಯ ನನಗೆ ಹೊಳೆದುದು ಒಂದು ಸೋಮವಾರ ಬೆಳಿಗ್ಗೆ, ಕಾಲೇಜಿಗೆ ಹೊರಟು ನಿಂತಾಗ. ಪುಟ್ಟ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಯನ್ನು ನಡುಮನೆಯ ತುಂಬ ಅಲುಗಾಡಿಸಿದ್ದ. ಟಾಲ್ಕ್ ಎಂಬ ಆ ಖನಿಜ ಅತಿ ಮೃದುವಾದುದು. ಅದರ ತೆಳು ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ನಯವಾದ ನೆಲ, ಅದರ ಮೇಲೆ ಟಾಲ್ಕ್, ಅದರ ಮೇಲೆ ಉಪನ್ಯಾಸಕ. ಘರ್ಷಣೆ ಎಂಬುದು ಎಷ್ಟು ಉಪಕಾರಿಯೆಂದು ಅರಿಯುವಷ್ಟರಲ್ಲಿ ನಾನು ನೆಲದ ಮೇಲೆ ಕುಳಿತಿದ್ದೆ. ಪುಟ್ಟ ಕೇಕೆ ಹಾಕಿ ನಕ್ಕು, ತಾನೂ ನನ್ನ ಪಕ್ಕದಲ್ಲಿ ಧೊಪ್ಪನೆ ಕುಳಿತ. ಅವನು ಎದ್ದು ಓಡಿದ. ನಾನು ಗೋಡೆ ಹಿಡಿದು ಎದ್ದೆ. ಎರಡು ದಿನ ತರಗತಿಯಲ್ಲಿ ನಿಂತೇ ಪಾಠ ಮಾಡಿದೆ.

ಲೆಕ್ಕ ಸರಳವಾಗಿದೆ. ಪುಟ್ಟನ ತೂಕ ೧೦ ಕಿಲೋಗ್ರಾಂ. ಅವನ ಆಸನ ನೆಲದಿಂದ ೩೦ ಸೆಂಟಿಮೀಟರು ಎತ್ತರದಲ್ಲಿದೆ. ಕುಳಿತು ಬಿದ್ದಾಗ ಬಿಡುಗಡೆಯಾಗುವ ಶಕ್ತಿ ಸುಮಾರು ೩೦ ಜೂಲ್. ೬೦ ಕಿಲೋಗ್ರಾಂ ತೂಗುವ ನಾನು ೮೫ ಸೆಂಟಿಮೀಟರು ಬಿದ್ದಾಗ ಸುಮಾರು ೫೦೦ ಜೂಲ್. ನಾನು ಅವನ ಎರಡರಷ್ಟು ಎತ್ತರವಿದ್ದರೆ ನನ್ನ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಅವನದರ ನಾಲ್ಕರಷ್ಟಿರಬಹುದು. ಆದರೆ ಅದು ತಾಳಬೇಕಾದ ಪೆಟ್ಟು ಹದಿನೇಳರಷ್ಟು! ಇದು ಹೊಸ ಮಾತಲ್ಲ. ೧೬೩೮ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಕುದುರೆ, ನಾಯಿ, ಬೆಕ್ಕುಗಳು ಬೀಳುವುದನ್ನು ಹೋಲಿಸಿ, ಹಿರಿಯರ ಕಾಲು ಮುರಿಯುವಂತಹ ಎತ್ತರದಿಂದ ಮಕ್ಕಳು ಬಿದ್ದು ಏನೂ ಆಗದೆ ಏಳುವುದನ್ನೂ ಹೇಳಿದ್ದಾನೆ. (ನಿಂತಲ್ಲಿಂದ ಬೀಳುವವರ ಲೆಕ್ಕವಿದು. ಮೆಟ್ಟಿಲಿನಿಂದಲೋ ಮಂಚದಿಂದಲೋ ತಲೆ ಮುಂದಾಗಿ ಬೀಳುವುದು ಬೇರೆಯೇ ಲೆಕ್ಕ.)

ತಾನು ಬೀಳದಿರುವಾಗ ಪುಟ್ಟ ಇತರ ವಸ್ತುಗಳನ್ನು ಬೀಳಿಸುತ್ತಾನೆ. ಚಮಚವನ್ನು ಎತ್ತಿ ಕೊಟ್ಟಂತೆಲ್ಲ ಕೆಳಗೆ ಹಾಕುತ್ತಾನೆ. ಹಾಕಿ ಬಗ್ಗಿ ನೋಡುತ್ತಾನೆ. ಇದು ಹಠವಲ್ಲ, ಪ್ರಯೋಗ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತನ್ನ ಮೂವರು ಮಕ್ಕಳನ್ನೇ ವರ್ಷಗಟ್ಟಲೆ ಗಮನಿಸಿ ೧೯೩೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹತ್ತು ತಿಂಗಳ ಮಗ ಮಲಗಿದ್ದಲ್ಲಿಂದಲೇ ಆಟಿಕೆಗಳನ್ನು ಕೈಚಾಚಿ ಬೀಳಿಸುತ್ತ, ಪ್ರತಿ ಸಲವೂ ಕೈಯ ನಿಲುವನ್ನು ಬದಲಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಒಂದು ಸಂಜೆ ನಮ್ಮವನು ನಾನು ತಿದ್ದಲೆಂದು ತಂದ ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಮಂಚದಿಂದ ಕೆಳಗೆ ತೇಲಿಬಿಟ್ಟ. ಅವು ಚಮಚಕ್ಕಿಂತ ನಿಧಾನವಾಗಿ ಇಳಿದುವು. ಉತ್ತರಗಳಲ್ಲಿ ತೂಕವಿರಲಿಲ್ಲವೆಂದಲ್ಲ, ಗಾಳಿಯ ತಡೆಯಿಂದ ಎಂದು ನನ್ನ ವಿದ್ಯಾರ್ಥಿಗಳಿಗೆ ಇಲ್ಲಿಯೇ ತಿಳಿಸಿಬಿಡುತ್ತೇನೆ.

ಈ ಪ್ರಯೋಗಗಳು ಕ್ರಮೇಣ ಬಚ್ಚಲುಮನೆಗೆ ವರ್ಗವಾದುವು. ನಮ್ಮ ಬೀದಿಗೆ ನಲ್ಲಿನೀರು ಬರುವುದು ದಿನ ಬಿಟ್ಟು ದಿನ. ಆದುದರಿಂದ ತುಂಬಿದ ಬಕೆಟ್ಟೊಂದು ಅಲ್ಲಿ ಸದಾ ಇರುತ್ತಿತ್ತು. ಚಮಚ ಮುಳುಗಿತು. ಪ್ಲಾಸ್ಟಿಕ್ಕಿನ ಬಟ್ಟಲು ತೇಲಿತು. ನನ್ನ ಮೊಬೈಲು ಮುಳುಗಿತು. ನಾವೆಲ್ಲರೂ ನಕ್ಕೆವು, ನಾನು ಸ್ವಲ್ಪ ತಡವಾಗಿ ನಕ್ಕೆ.

ಒಂದು ಭಾನುವಾರ ನಾನು ಪತ್ರಿಕೆ ಓದುತ್ತಿದ್ದೆ. ನನ್ನ ಹೆಂಡತಿ ಒಲೆಯ ಮುಂದಿದ್ದಳು. “ಏನೋ, ಮಗು ಸದ್ದೇ ಇಲ್ಲವಲ್ಲ!” ಎನ್ನುತ್ತ ನನ್ನ ತಾಯಿ ಎದ್ದುಹೋದರು. ಪುಟ್ಟನ ಕಿಬ್ಬೊಟ್ಟೆ ಬಕೆಟ್ಟಿನ ಅಂಚಿನ ಮೇಲಿತ್ತು. ಎರಡು ಪಾದಗಳೂ ನೆಲದಿಂದ ನಾಲ್ಕು ಬೆರಳು ಮೇಲೆದ್ದಿದ್ದುವು. ಕೈಗಳು ಮುಳುಗಿದ ಚಮಚವನ್ನು ಅರಸುತ್ತಿದ್ದುವು; ಮುಖ ನೀರನ್ನು ಮುಟ್ಟುವುದರಲ್ಲಿತ್ತು. ತಾಯಿ ಅವನ ಚಡ್ಡಿಯನ್ನು ಹಿಡಿದು ಎಳೆದುಕೊಂಡರು. ಚಮಚ ಸಿಗಲಿಲ್ಲವೆಂದು ಅವನು ಅತ್ತ. ತಾಯಿ ಅವನನ್ನು ಅಪ್ಪಿಕೊಂಡು ಬಚ್ಚಲ ಹೊಸ್ತಿಲ ಮೇಲೆ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು.

ಕೈನಡುಕ ನಿಂತ ಮೇಲೆ ನಾನು ಅಳತೆಪಟ್ಟಿ ತಂದೆ. ಬಕೆಟ್ಟಿನ ಎತ್ತರ ೩೩ ಸೆಂಟಿಮೀಟರು. ಎಂದರೆ ಅದರ ಅಂಚು ಪುಟ್ಟನ ತೊಡೆಯ ಸಂದಿಗೆ ಬರುತ್ತದೆ. ಅವನು ಬಗ್ಗಿದಾಗ ಆ ಅಂಚು ಸನ್ನೆಗೋಲಿನ ಆನಿಕೆಯಾಗುತ್ತದೆ. ಒಂದು ಕಡೆ ಎರಡು ಸಣ್ಣ ಕಾಲುಗಳು. ಇನ್ನೊಂದು ಕಡೆ ಮುಂಡ, ತೋಳು, ಎಲ್ಲಕ್ಕಿಂತ ತುದಿಯಲ್ಲಿ ಆ ಭಾರವಾದ ತಲೆ. ಗುರುತ್ವ ಕೇಂದ್ರ ಅಂಚನ್ನು ದಾಟಿತೋ, ಮಗು ಒಳಕ್ಕೆ. ಬಕೆಟ್ಟು ಬರಿದಾಗಿದ್ದರೆ ಅದೂ ಅವನೊಡನೆ ಉರುಳುತ್ತಿತ್ತು. ಅಳು ಕೇಳಿ ನಾವು ಓಡುತ್ತಿದ್ದೆವು. ಆದರೆ ೧೫ ಲೀಟರು ನೀರೆಂದರೆ ೧೫ ಕಿಲೋಗ್ರಾಂ, ಅವನಿಗಿಂತ ಒಂದೂವರೆಪಟ್ಟು ಭಾರ. ತುಂಬಿದ ಬಕೆಟ್ಟು ಅಲುಗುವುದಿಲ್ಲ.

ಕೈಯೂರಿ ಮೇಲೇಳಬಾರದೇ? ಹಿಂದೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿಸಿ ನೋಡುತ್ತಿದ್ದುದು ನಿಮ್ಮ ಅಜ್ಜಂದಿರಿಗೆ ನೆನಪಿದ್ದೀತು. ಚಿಕ್ಕ ಮಗುವಿಗೆ ಅದು ಆಗದು. ತಲೆಗೆ ಹೋಲಿಸಿದರೆ ತೋಳು ಅಷ್ಟು ಗಿಡ್ಡ. ಪುಟ್ಟ ಕೈಯೆತ್ತಿದರೆ ಅವನ ಬೆರಳು ನೆತ್ತಿಯನ್ನು ದಾಟುವುದೇ ಕಷ್ಟ. ತಲೆಕೆಳಗಾದ ಮಗುವಿನ ಕೈ ಬಕೆಟ್ಟಿನ ತಳವನ್ನು ಒತ್ತಿದರೂ ತಲೆಯನ್ನು ನೀರಿನಿಂದ ಮೇಲೆತ್ತಲಾರದು. ಬಾಯಿ ನೀರಿನೊಳಗಿರುವುದರಿಂದ ಕೂಗೂ ಹೊರಡದು. ಮೂಗು ಬಾಯಿ ಮುಳುಗುವಷ್ಟು ನೀರು, ಎಂದರೆ ನಾಲ್ಕಾರು ಬೆರಳಿನ ಆಳ, ಸಾಕು. ಕೆಲವೇ ನಿಮಿಷಗಳು ಸಾಕು. ಅಮೆರಿಕದಲ್ಲಿ ಮಾರುವ ದೊಡ್ಡ ಬಕೆಟ್ಟುಗಳ ಮೇಲೆ ಮಗು ತಲೆಕೆಳಗಾಗಿ ಬೀಳುತ್ತಿರುವ ಚಿತ್ರವಿರುತ್ತದೆ. ನಾನು ಕೊಂಡ ಬಕೆಟ್ಟಿನ ಮೇಲೆ ಗುಲಾಬಿ ಹೂವಿತ್ತು. ಗಂಟೆಗೆ ಹದಿನೇಳು ಸಲ ನಮ್ಮನ್ನು ನಗಿಸಿದ ಅದೇ ತಲೆ, ಅದೇ ಗುರುತ್ವ ಕೇಂದ್ರ.

ಆ ದಿನದಿಂದ ನೀರು ಮುಚ್ಚಳ ಬಿಗಿದ ಡ್ರಮ್ಮಿನಲ್ಲಿರುತ್ತದೆ. ಬಚ್ಚಲಿನ ಬಾಗಿಲಿಗೆ ಮೇಲುಗಡೆ ಚಿಲಕ ಬಂದಿದೆ. ಸ್ನಾನ ಮುಗಿದೊಡನೆ ಬಕೆಟ್ಟುಗಳನ್ನೆಲ್ಲ ಬೋರಲು ಹಾಕುತ್ತೇವೆ. ಮೊನ್ನೆ ಪುಟ್ಟ ಬೋರಲು ಬಕೆಟ್ಟೊಂದನ್ನು ಅಡುಗೆಮನೆಯವರೆಗೆ ತಳ್ಳಿಕೊಂಡು ಹೋಗಿ, ಗೂಡಿನ ಅಂಚನ್ನು ಹಿಡಿದು ಅದರ ಮೇಲೆ ಹತ್ತಿ ನಿಂತಿದ್ದ. ಅವನ ಎತ್ತರಕ್ಕೆ ೩೩ ಸೆಂಟಿಮೀಟರು ಕೂಡಿತ್ತು. ನಾನು ಓಡಿಹೋಗಿ ಎತ್ತಿಕೊಳ್ಳುವಷ್ಟರಲ್ಲಿ ರಾಗಿಹಿಟ್ಟಿನ ಡಬ್ಬಿ ಕೆಳಗೆ ಬಂದಿತ್ತು. ಈಗ ಮನೆಯ ವಸ್ತುಗಳು ಇನ್ನೊಂದಡಿ ಮೇಲಕ್ಕೇರುತ್ತಿವೆ. ಅವು ತಮಗೆ ಎಟುಕುವುದಿಲ್ಲವೆಂದು ನನ್ನ ತಾಯಿಯ ದೂರು.